ಪಹಣಿ ಜಾಗ ಬದಲಿಸಿದ ಬಗೆ

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ಕಲಬುರಗಿ ಜಿಲ್ಲೆಯ ಸೊನ್ನ ಬ್ಯಾರೇಜಿನ ಆಸುಪಾಸಿನ ನದಿದಂಡೆಯ ಹೊಲಗಳು ಮುಳುಗಿದವು. ಬೆಳೆಹಾನಿಯ ಹಣ ಹೋಗುವುದು ನೇರ ರೈತರ ಬ್ಯಾಂಕ್ ಖಾತೆಗೆ. ಆ ಲೆಕ್ಕ ನೋಡುವ ‘ಪರಿಹಾರ’ ತಂತ್ರಾಂಶಕ್ಕೆ ಹೊಲ ಯಾರದೆಂದು ಹೇಳುವುದು ಕರ್ನಾಟಕದ ಗಣಕೀಕೃತ ಭೂದಾಖಲೆ ವ್ಯವಸ್ಥೆ ‘ಭೂಮಿ’ಯ ಪಹಣಿ. ತೀರಿಕೊಂಡ ಅಪ್ಪನ ಹೆಸರೇ ಅದರಲ್ಲಿ ಉಳಿದಿದ್ದರೆ, ಉಳುವ ಮಗನಿಗೆ ಹಣ ಸಿಗುವುದು ಕಷ್ಟ.

‘ಭೂಮಿ’ ಕಟ್ಟಿದಾಗ ಇಷ್ಟೆಲ್ಲ ಭಾರ ಅದರ ಮೇಲಿರಲಿಲ್ಲ. ಅದಕ್ಕೂ ಮೊದಲು ಪಹಣಿ ಇರುತ್ತಿದ್ದುದು ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಕಂದಾಯ ಇಲಾಖೆ ಮತ್ತು ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ಸೇರಿ, 67 ಲಕ್ಷ ಹಿಡುವಳಿದಾರರ 2 ಕೋಟಿ ದಾಖಲೆಗಳನ್ನು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ತಂದವು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕಿತ್ತು. ಸಿಬ್ಬಂದಿ ಬೆರಳಚ್ಚು ಒತ್ತಿಯೇ ತಂತ್ರಾಂಶದ ಒಳಗೆ ಬರಬೇಕಿತ್ತು.

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಕೌಂಟರಿಗೆ ಬಂದವರನ್ನು ಕೇಳಿ ನೋಡಿದಾಗ ಕಾಯುವಿಕೆಯೂ ಲಂಚವೂ ಬಹಳ ಇಳಿದಿದ್ದವು. ಸಂಶೋಧಕ ಸಾಲಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬೇರೆಯದನ್ನೇ ಕಂಡರು: ಭೂವ್ಯವಹಾರದ ಹಿಡಿತ ಹಳ್ಳಿಯಿಂದ ಮೇಲಕ್ಕೆ ಸರಿದು, ಬೆಂಗಳೂರಿನ ಸುತ್ತ ದೊಡ್ಡ ಖರೀದಿದಾರರಿಗೆ ದಾರಿ ಸಲೀಸಾಗಿದೆ ಎಂದರು. ಎರಡನ್ನೂ ಒಟ್ಟಿಗೆ ಓದಬೇಕು. ಕೌಂಟರಿನ ಮುಂದೆ ನಿಂತು ಅಳೆದವರಿಗೆ ಸರದಿ ಕಂಡಿತು, ಹೊಲ ಕೈಬದಲಾಗುವುದನ್ನು ಹಿಂಬಾಲಿಸಿದವರಿಗೆ ಅಧಿಕಾರ ಕಂಡಿತು.

ತಾಲ್ಲೂಕಿನ ದತ್ತಾಂಶ ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರ ಸೇರಿತು. ಪಹಣಿ ನಾಡಕಚೇರಿಯಲ್ಲೂ ಸಿಗತೊಡಗಿತು. ನೋಂದಣಿಯ ‘ಕಾವೇರಿ’, ರೈತರ ಗುರುತಿನ ‘ಫ್ರೂಟ್ಸ್’, ಬೆಳೆಹಾನಿಯ ‘ಪರಿಹಾರ’ ಒಂದೊಂದಾಗಿ ‘ಭೂಮಿ’ಗೆ ಜೋಡಿಕೊಂಡವು. ಹಳೆಯ ಪುಸ್ತಕದಲ್ಲಿ ಹೆಸರು ತಪ್ಪಿದ್ದರೆ ತೊಂದರೆ ಆ ಪುಟಕ್ಕಷ್ಟೇ. ಈಗ ಅದೇ ತಪ್ಪು ಸಾಲ, ಪರಿಹಾರ, ಮಾರಾಟ ಎಲ್ಲವನ್ನೂ ಹಿಡಿದು ನಿಲ್ಲಿಸಬಲ್ಲದು. ಹಾಗಾಗಿ ‘ಭೂಮಿ’ಯ ಪ್ರತಿ ಬದಲಾವಣೆಯ ಪರಿಣಾಮವನ್ನು ಅದನ್ನು ನೆಚ್ಚಿದ ಇಲಾಖೆಗಳಲ್ಲಿ, ಕೊನೆಗೆ ಹೊಲದ ಬದುವಿನಲ್ಲೂ ನೋಡಬೇಕು.

2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವಾಗ ಆ ನೋಟ ಸಿಕ್ಕಿತು. ಲಕ್ಷಾಂತರ ಪಹಣಿಗಳು ಮೃತರ ಹೆಸರಿನಲ್ಲೇ ಇದ್ದವು. ವಾರಸುದಾರರ ಹೆಸರಿಗೆ ಅವನ್ನು ಬದಲಿಸಲು ಇಲಾಖೆ 2025ರಲ್ಲಿ ಪೌತಿ ಖಾತೆ ಆಂದೋಲನಕ್ಕೆ ಇಳಿಯಿತು. ಹಿಂದೆ ಗ್ರಾಮ ಲೆಕ್ಕಿಗರೆನಿಸಿಕೊಂಡಿದ್ದ ಗ್ರಾಮ ಆಡಳಿತಾಧಿಕಾರಿಗಳು ಮತ್ತೆ ಊರೊಳಗೆ ಹೋಗಿ ವಂಶವೃಕ್ಷ ಕೇಳಬೇಕಾಯಿತು.