ಹಲಸೂರಿನಲ್ಲಿ ವಳ್ಳುವರ್, ಚೆನ್ನೈನಲ್ಲಿ ಸರ್ವಜ್ಞ

ಒಂದು ಪ್ರತಿಮೆ 18 ವರ್ಷ ಮುಸುಕಿನೊಳಗೇ ಇತ್ತು ಅಂದ್ರೆ ನಂಬ್ತೀರಾ?

ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಇರೋ ತಮಿಳು ಕವಿ ತಿರುವಳ್ಳುವರ್ ಪ್ರತಿಮೆ ಇದು. 1991ರಲ್ಲೇ ಸಿದ್ಧವಾಗಿತ್ತು. ಆದ್ರೆ ವಿರೋಧ ಎದ್ದಿತು, ಅದೇ ವರ್ಷ ಕಾವೇರಿ ಗಲಭೆಯೂ ಆಯ್ತು. ಅನಾವರಣ ನಿಂತೇ ಹೋಯ್ತು.

2009ರಲ್ಲಿ ಎರಡೂ ರಾಜ್ಯಗಳ ಆಗಿನ ಮುಖ್ಯಮಂತ್ರಿಗಳಾದ ಯಡಿಯೂರಪ್ಪ, ಕರುಣಾನಿಧಿ ಒಂದು ದಾರಿ ಕಂಡುಕೊಂಡ್ರು: ಇಲ್ಲಿ ವಳ್ಳುವರ್, ಅಲ್ಲಿ ಸರ್ವಜ್ಞ. ಆಗಸ್ಟ್ 9ರಂದು ಹಲಸೂರಿನಲ್ಲಿ ಮುಸುಕು ಸರಿಯಿತು. ನಾಲ್ಕೇ ದಿನಕ್ಕೆ ಚೆನ್ನೈನ ಅಯನಾವರಂ ಜೀವಾ ಪಾರ್ಕಿನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣ ಆಯ್ತು.

ಎಂಥಾ ಜೋಡಿ ನೋಡಿ! ವಳ್ಳುವರ್ ಬರೆದ ಒಂದು ಕುರಳ್ ಅಂದ್ರೆ ಎರಡು ಸಾಲು, ಏಳೇ ಪದ. ಅಂಥವು 1330. ಸರ್ವಜ್ಞನದು ಮೂರು ಸಾಲಿನ ತ್ರಿಪದಿ, ಕೊನೆಗೆ ಅವನದೇ ಹೆಸರು. ಉಳುಮೆ, ದಾನ, ಆಡೋ ಮಾತು, ಎಲ್ಲದರ ಬಗ್ಗೆಯೂ ಇಬ್ಬರೂ ಹೇಳಿದ್ದಾರೆ. ಇಂಥ ಕವಿಗಳ ವಿನಿಮಯಕ್ಕೆ ಇಷ್ಟು ವರ್ಷ ಹಿಡೀಬಾರದಿತ್ತು ಅನ್ನೋದು ನನ್ನ ನೋವು.

ಚೆನ್ನೈಗೆ ಹೋದವರು ಮರೀನಾ ಒಂದನ್ನೇ ನೋಡಿ ವಾಪಸ್ ಬರಬೇಡಿ. ಅಯನಾವರಂಗೂ ಹೋಗಿ, ಸರ್ವಜ್ಞನನ್ನ ನೋಡ್ಕೊಂಡು ಬನ್ನಿ.