ಹಳೆಯ ಚಿತ್ರಕಥೆಗಳ ಹರಾಜು

1938ರ ಜೂನ್ ತಿಂಗಳ ಸಂಚಿಕೆಯೆಂದು ಅಮೆರಿಕದಲ್ಲಿ ಪ್ರಕಟವಾದ ‘ಆಕ್ಷನ್ ಕಾಮಿಕ್ಸ್’ ಎಂಬ ಚಿತ್ರಕಥಾ ಪತ್ರಿಕೆಯ ಮೊದಲ ಸಂಚಿಕೆಗೆ ಬೆಲೆ 10 ಸೆಂಟು. ಸೂಪರ್‌ಮ್ಯಾನನು ಮೊಟ್ಟಮೊದಲು ಕಾಣಿಸಿಕೊಂಡುದು ಇದರಲ್ಲಿಯೇ. 2014ರ ಆಗಸ್ಟ್ ತಿಂಗಳಲ್ಲಿ ಇದರ ಪ್ರತಿಯೊಂದು ಈಬೇ ಎಂಬ ಅಂತರಜಾಲದ ಹರಾಜುಕಟ್ಟೆಗೆ ಬಂದಿತು. 99 ಸೆಂಟಿನಿಂದ ಹೊರಟ ಸವಾಲು 32,07,852 ಡಾಲರಿಗೆ ಏರಿ ನಿಂತಿತು. ಈ ಬೆಲೆಯನ್ನು ಕಟ್ಟಿದವರು ಯಾರು? ಗೆದ್ದವನೆಂದು ಯಾರಾದರೂ ತಟ್ಟನೆ ಹೇಳಬಹುದು. ಆದರೆ ಹರಾಜಿನ ನಿಯಮವನ್ನು ಪರಿಶೀಲಿಸಿದರೆ, ಬೆಲೆಯನ್ನು ನಿಶ್ಚಯಿಸುವವನು ಗೆದ್ದವನಲ್ಲ, ಅವನ ಎದುರು ಸೋತವನು ಎಂಬುದು ವ್ಯಕ್ತವಾಗುತ್ತದೆ.

ಇಂತಹ ಹರಾಜಿನಲ್ಲಿ ಕೊಳ್ಳುವವನು ತಾನು ಕೊಡಬಲ್ಲ ಗರಿಷ್ಠ ಮೊತ್ತವನ್ನು ಗುಟ್ಟಾಗಿ ತಿಳಿಸಿಡುತ್ತಾನೆ. ಅವನ ಪರವಾಗಿ ಗಣಕಯಂತ್ರವೇ ಸವಾಲು ಹಾಕುತ್ತದೆ. ಎದುರಾಳಿಯನ್ನು ಮೀರಿಸಲು ಬೇಕಾದಷ್ಟನ್ನು ಮಾತ್ರ ಏರಿಸುತ್ತದೆ. ಒಬ್ಬನ ಗರಿಷ್ಠ ಮೊತ್ತ 40 ಡಾಲರು, ಇನ್ನೊಬ್ಬನದು 25 ಡಾಲರು, ಒಂದೊಂದು ಏರಿಕೆಯೂ ಒಂದು ಡಾಲರು ಎಂದು ಇಟ್ಟುಕೊಳ್ಳೋಣ. ಆಗ ಮೊದಲನೆಯವನಿಗೆ ಪುಸ್ತಕವು 26 ಡಾಲರಿಗೆ ದೊರೆಯುತ್ತದೆ. ಎರಡನೆಯವನು ಬಾರದೇ ಇದ್ದಿದ್ದರೆ ಆರಂಭದ ಬೆಲೆಗೇ ದೊರೆಯುತ್ತಿದ್ದಿತು. ಕೊಲಂಬಿಯ ವಿಶ್ವವಿದ್ಯಾನಿಲಯದ ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲಿ ಇದಕ್ಕೆ ತೀರ ಸಮೀಪವಾದ ನಿಯಮವನ್ನು ವಿವೇಚಿಸಿದರು. ಗೆದ್ದವನು ಎರಡನೆಯ ಸವಾಲಿನ ಮೊತ್ತವನ್ನು ಮಾತ್ರ ತೆರಬೇಕಾಗಿರುವಲ್ಲಿ, ತನ್ನ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನೇ ಬರೆದುಕೊಡುವುದು ಪ್ರತಿಯೊಬ್ಬನಿಗೂ ಹಿತಕರವೆಂದು ಅವರು ತೋರಿಸಿದರು. 1996ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದವರಲ್ಲಿ ಇವರೂ ಒಬ್ಬರು.

ಆದುದರಿಂದ ಮಾರುವವನಿಗೆ ಒಬ್ಬ ಅಭಿಮಾನಿ ಸಾಲದು. ಧೈರ್ಯವಾಗಿ ಸವಾಲು ಹಾಕುವ ಇಬ್ಬರಾದರೂ ಬೇಕು. ಆ ಧೈರ್ಯವನ್ನು ಕುಗ್ಗಿಸುವುದು ಯಾವುದು? ಕೊಳ್ಳುವವನು ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಲಾರನು. ಅದರ ದೋಷಗಳೆಲ್ಲ ಮಾರುವವನಿಗೆ ಮಾತ್ರ ಗೊತ್ತು. ಇಂತಹ ಸ್ಥಿತಿಯ ಪರಿಣಾಮವನ್ನು ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ ಹಳೆಯ ಮೋಟಾರು ಕಾರುಗಳ ಉದಾಹರಣೆಯಿಂದ ವಿವರಿಸಿದರು. ಒಳ್ಳೆಯದು ಯಾವುದು, ಕೆಟ್ಟದು ಯಾವುದು ಎಂದು ತಿಳಿಯದ ಗಿರಾಕಿಯು ಎಲ್ಲಕ್ಕೂ ನಡುತರದ ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ವಸ್ತುವನ್ನು ಕೊಡಲು ಯಾರೂ ಒಪ್ಪುವುದಿಲ್ಲ; ಕಡೆಗೆ ಸಂತೆಯಲ್ಲಿ ಕೆಟ್ಟ ಸರಕೇ ಉಳಿಯುತ್ತದೆ.

ಚಿತ್ರಕಥೆಗಳಲ್ಲಿ ಈ ಸಂದೇಹಕ್ಕೆ ಕಾಗದವೇ ಕಾರಣ. ಹಿಂದೆ ಇವು ಅಚ್ಚಾಗುತ್ತಿದ್ದುದು ಮರವನ್ನು ಅರೆದು ಮಾಡಿದ ಅಗ್ಗದ ಕಾಗದದ ಮೇಲೆ. ಮರದ ಲಿಗ್ನಿನ್ ಎಂಬ ಪದಾರ್ಥವು ಅದರಲ್ಲಿ ಹಾಗೆಯೇ ಉಳಿದಿರುತ್ತದೆ. ಬೆಳಕು ಮತ್ತು ಆಮ್ಲಜನಕಗಳ ಸಂಪರ್ಕದಿಂದ ಲಿಗ್ನಿನ್ ಮಾರ್ಪಟ್ಟು ಹಾಳೆಯು ಹಳದಿಯಾಗುತ್ತದೆ, ಆಮ್ಲಗಳೂ ಹುಟ್ಟುತ್ತವೆ. ಈ ಆಮ್ಲಗಳು ಕಾಗದಕ್ಕೆ ಬಲವನ್ನು ಕೊಡುವ ಸೆಲ್ಯುಲೋಸಿನ ಉದ್ದನೆಯ ಸರಪಳಿಗಳನ್ನು ತುಂಡರಿಸುವುದರಿಂದ, ಮಡಿಸಿದಲ್ಲಿಯೇ ಹಾಳೆಯು ಮುರಿಯುತ್ತದೆ. ಸೆಖೆ ಮತ್ತು ತೇವಗಳು ಈ ಕ್ರಿಯೆಯನ್ನು ತ್ವರೆಗೊಳಿಸುತ್ತವೆ. ತೇವದಿಂದ ಹೊಲಿಗೆಯ ತಂತಿಯೂ ತುಕ್ಕು ಹಿಡಿಯುತ್ತದೆ. ಹರಿದುದನ್ನು ಅಂಟುಪಟ್ಟಿಯಿಂದ ಜೋಡಿಸಿದರೆ ಅದರ ಗೋಂದು ಕಾಗದಕ್ಕೆ ಇಳಿದು ಹೊಸ ಕಲೆಯನ್ನು ಉಂಟುಮಾಡುತ್ತದೆ.

ಈ ಸವೆತವನ್ನು ಅಳೆಯಲು ಹತ್ತು ಅಂಕಗಳ ಮಾನವೊಂದು ರೂಢಿಯಲ್ಲಿದೆ. 2000ದಲ್ಲಿ ಅಮೆರಿಕದಲ್ಲಿ ಆರಂಭವಾದ ಸಿಜಿಸಿ ಎಂಬ ಸಂಸ್ಥೆಯು ಪುಸ್ತಕವನ್ನು ಪರೀಕ್ಷಿಸಿ, ಅಂಕವನ್ನು ಕೊಟ್ಟು, ಪಾರದರ್ಶಕವಾದ ಪ್ಲಾಸ್ಟಿಕ್ಕಿನ ಸಂಪುಟದಲ್ಲಿ ಮುಚ್ಚಿಕೊಡುತ್ತದೆ. ಮೇಲೆ ಹೇಳಿದ ಸೂಪರ್‌ಮ್ಯಾನನ ಪ್ರತಿಗೆ ದೊರೆತ ಅಂಕ 9.0. ಮೂರನೆಯವನ ಈ ಸಾಕ್ಷ್ಯವಿದ್ದುದರಿಂದಲೇ, ಪುಟವನ್ನು ಮುಟ್ಟಿ ನೋಡದೆಯೂ ಲಕ್ಷಾಂತರ ಡಾಲರುಗಳ ಸವಾಲು ಹಾಕಲು ಸಾಧ್ಯವಾಯಿತು. ಆದರೆ ಈ ಪರೀಕ್ಷೆಗೆ ಶುಲ್ಕವುಂಟು. ಸಾಮಾನ್ಯ ಪುಸ್ತಕಕ್ಕೆ ಅದು ದಂಡವೇ ಸರಿ.

ಹಳೆಯದೆಲ್ಲವೂ ಅಮೂಲ್ಯವೆಂದೂ ಭಾವಿಸಲಾಗದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದದ ಸಂಗ್ರಹಕ್ಕೆ ಆಹುತಿಯಾದುದರಿಂದ ಆ ದಿನಗಳ ಚಿತ್ರಕಥೆಗಳು ವಿರಳವಾದುವು. ಇದಕ್ಕೆ ವಿರುದ್ಧವಾಗಿ, 1991ರ ‘ಎಕ್ಸ್-ಮೆನ್’ ಮೊದಲ ಸಂಚಿಕೆಯ 80 ಲಕ್ಷಕ್ಕೂ ಮೀರಿದ ಪ್ರತಿಗಳು ಅಚ್ಚಾದುವು. ಜನರು ಅವುಗಳನ್ನು ಜೋಪಾನವಾಗಿ ಕಾಪಾಡಿದರು. ಆದಕಾರಣ ಅದು ಇಂದಿಗೂ ಅಗ್ಗವೇ. ಮರುಮುದ್ರಣಗಳ ವಿಷಯದಲ್ಲಿಯೂ ಎಚ್ಚರವಿರಬೇಕು. ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯನ್ನು 1974ರಲ್ಲಿ ದೊಡ್ಡ ಆಕಾರದಲ್ಲಿ ಮತ್ತೆ ಮುದ್ರಿಸಿದರು. ಅದರ ಹೊರರಕ್ಷಾಪುಟವನ್ನು ತೆಗೆದುಹಾಕಿದರೆ ಒಳಗಿರುವುದು ಮೂಲಪ್ರತಿಯಂತೆಯೇ ತೋರುತ್ತದೆ. ಅಳತೆಪಟ್ಟಿಯನ್ನು ಇಟ್ಟು ನೋಡಿದರೆ ಗುಟ್ಟು ಬಯಲಾಗುತ್ತದೆ.

ಹೀಗಿರುವಲ್ಲಿ, ಮಾರುವವನು ಮಾಡಬೇಕಾದುದೇನು? ಪುಸ್ತಕದ ಮುಖಪುಟ, ಬೆನ್ನು, ತಂತಿ, ನಡುಹಾಳೆ ಇವುಗಳ ಛಾಯಾಚಿತ್ರಗಳನ್ನು ಒಳ್ಳೆಯ ಬೆಳಕಿನಲ್ಲಿ ತೆಗೆಯಬೇಕು. ಅಳತೆ, ಕಲೆ, ಹರಕು, ಕಾಣೆಯಾದ ಪುಟ, ಮಾಡಿದ ದುರಸ್ತಿ ಎಲ್ಲವನ್ನೂ ಬರೆಯಬೇಕು. ಎರಡನೆಯ ಗಿರಾಕಿ ಬಾರದಿದ್ದರೂ ನಷ್ಟವಾಗದಂತಹ ಆರಂಭದ ಬೆಲೆಯನ್ನು ಇಡಬೇಕು. ಕಳುಹಿಸುವಾಗ ಆಮ್ಲರಹಿತವಾದ ರಟ್ಟನ್ನು ಆಸರೆಯಾಗಿ ಕೊಡಬೇಕು. ದೋಷವನ್ನು ಹೇಳಿಕೊಂಡರೆ ಬೆಲೆ ಇಳಿಯುವುದೆಂಬ ಅಂಜಿಕೆ ಸಹಜವಾದುದು. ಆದರೆ ದೋಷವು ಎಷ್ಟೆಂದು ತಿಳಿದವನು ಅಷ್ಟನ್ನು ಮಾತ್ರ ಕಳೆದು ಸವಾಲು ಹಾಕುತ್ತಾನೆ. ತಿಳಿಯದವನು ಕೆಟ್ಟದ್ದನ್ನೇ ಊಹಿಸಿ ಹಿಂಜರಿಯುತ್ತಾನೆ. ಹಾಗೆ ಹಿಂಜರಿದವನೇ ಬೆಲೆಯನ್ನು ನಿಶ್ಚಯಿಸಬೇಕಾಗಿದ್ದ ಆ ಎರಡನೆಯವನು.