ಒಬ್ಬರ ಕೆಮ್ಮು ಊರಿಗೆಲ್ಲ ಜ್ವರ ಆಗುವುದು ಹೇಗೆ?



ಕೊರೊನಾ ಬಂದ ದಿನಗಳನ್ನು ನಾವ್ಯಾರೂ ಮರೆತಿಲ್ಲ. ಸಂತೆ ನಿಂತಿತು, ಬಸ್ಸು ನಿಂತಿತು, ಸಂಘದ ವಾರದ ಸಭೆಯೂ ನಿಂತಿತು. "ಎಲ್ಲೋ ಹುಟ್ಟಿದ ಕಾಯಿಲೆ ನಮ್ಮ ಹಳ್ಳಿಗೆ ಹೇಗೆ ಬಂತು?" ಅಂತ ಎಲ್ಲರೂ ಕೇಳುತ್ತಿದ್ದರು. ಕೆಲವರು ಇಂಥವರೇ ತಂದರು ಅಂತ ಬೆರಳು ತೋರಿಸಿದರು. ಇಂಥ ಕಾಯಿಲೆ ಮುಂದೆಯೂ ಬರಬಹುದು. ಅದು ಹರಡುವ ರೀತಿ ತಿಳಿದಿದ್ದರೆ ಹೆದರಿಕೆಯೂ ಕಡಿಮೆ, ನಷ್ಟವೂ ಕಡಿಮೆ.

ವೈರಸ್‌ಗೆ ಕಾಲಿಲ್ಲ

ವೈರಸ್ ಅಂದರೆ ಕಣ್ಣಿಗೆ ಕಾಣದ ರೋಗಾಣು. ರೋಗ ತಗಲಿದವರು ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗ ಬಾಯಿ ಮೂಗಿನಿಂದ ಹನಿಗಳು ಹೊರಬೀಳುತ್ತವೆ. ಅದರ ಜೊತೆ ವೈರಸ್ ಬರುತ್ತದೆ. ದೊಡ್ಡ ಹನಿ ಬೇಗ ನೆಲಕ್ಕೆ ಬೀಳುತ್ತದೆ. ತೀರಾ ಸಣ್ಣವು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಲೆಯ ಹೊಗೆ ನಿಲ್ಲುವ ಹಾಗೆ, ಬಹಳ ಹೊತ್ತು ನಿಲ್ಲುತ್ತವೆ. ಅಲ್ಲಿ ಕುಳಿತವರು ಅದನ್ನೇ ಉಸಿರಾಡುತ್ತಾರೆ.

ಆದರೆ ಒಂದು ಊರಿಂದ ಇನ್ನೊಂದು ಊರಿಗೆ ಗಾಳಿ ಅದನ್ನು ಒಯ್ಯುವುದಿಲ್ಲ. ಮನುಷ್ಯರೇ ಹೊತ್ತು ಒಯ್ಯುತ್ತಾರೆ, ಅದೂ ತಮಗೇ ಗೊತ್ತಿಲ್ಲದೆ.

ಅಂದು ರೈಲು, ಇಂದು ವಿಮಾನ

ನೂರು ವರ್ಷದ ಹಿಂದೆಯೂ ಹೀಗೇ ಆಯಿತು. 1918ರ ಜೂನ್ ಹೊತ್ತಿಗೆ ಇನ್‌ಫ್ಲುಯೆಂಜಾ ಜ್ವರ ಹಡಗಿನ ಮೂಲಕ ಮುಂಬಯಿಗೆ ಬಂತು. ಅಲ್ಲಿಂದ ರೈಲು ಪ್ರಯಾಣಿಕರ ಜೊತೆ ದೇಶದ ಒಳಗೆಲ್ಲ ಹರಡಿತು. ಮಳೆಗಾಲ ಮುಗಿಯುವಾಗ ಬಂದ ಎರಡನೇ ಅಲೆ ಮೊದಲಿನದಕ್ಕಿಂತ ಭೀಕರವಾಗಿತ್ತು. ಬೆಂಗಳೂರು, ಮೈಸೂರು ಸೀಮೆಯನ್ನೂ ಅದು ಬಿಡಲಿಲ್ಲ. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರೆಂದು ಅಂದಾಜು.

2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಮೊದಲ ಕೊರೊನಾ ಪ್ರಕರಣ ಬೆಂಗಳೂರಿನಲ್ಲಿ ಪತ್ತೆಯಾಯಿತು. ವಿದೇಶದಿಂದ ವಿಮಾನದಲ್ಲಿ ಬಂದವರಲ್ಲಿ ಅದು ಕಂಡಿತು. ಅದೇ ತಿಂಗಳು ಕಲಬುರಗಿಯಲ್ಲಿ ದೇಶದ ಮೊದಲ ಕೊರೊನಾ ಸಾವು ದಾಖಲಾಯಿತು. ಮೇ ತಿಂಗಳಲ್ಲಿ ಮಹಾರಾಷ್ಟ್ರಕ್ಕೆ ದುಡಿಯಲು ಹೋಗಿದ್ದವರು, ಕೆಲಸ ನಿಂತು, ಊರಿಗೆ ಮರಳಿದರು. ಆಗ ಮಂಡ್ಯ, ಯಾದಗಿರಿ, ಕಲಬುರಗಿ, ಉಡುಪಿ ಜಿಲ್ಲೆಗಳಲ್ಲಿ ಪ್ರಕರಣ ಏರಿದವು. 2021ರ ಏಪ್ರಿಲ್ ಕೊನೆಗೆ ಲಾಕ್‌ಡೌನ್ ಅಂದ ಕೂಡಲೇ ಬೆಂಗಳೂರಿನಿಂದ ಜನ ಗಂಟುಮೂಟೆ ಕಟ್ಟಿಕೊಂಡು ಹಳ್ಳಿಗೆ ಹೊರಟರು. ಮೇ ಮೊದಲ ವಾರದಲ್ಲಿ ರಾಜ್ಯದಲ್ಲಿ ಒಂದೇ ದಿನಕ್ಕೆ 50,000 ಹೊಸ ಪ್ರಕರಣ ದಾಟಿದವು.

ಇದರಲ್ಲಿ ಯಾರ ತಪ್ಪೂ ಇಲ್ಲ. ಹೊಟ್ಟೆಪಾಡಿಗೆ ಹೋದವರು ಕಷ್ಟ ಬಂದಾಗ ತಮ್ಮ ಮನೆಗೇ ಬರಬೇಕಲ್ಲವೇ? ಬೈದು ದೂರ ಇಟ್ಟರೆ ಜನ ಜ್ವರವನ್ನೇ ಮುಚ್ಚಿಡುತ್ತಾರೆ. ಮುಚ್ಚಿಟ್ಟ ಜ್ವರ ಇನ್ನಷ್ಟು ಮನೆಗೆ ಹರಡುತ್ತದೆ.

ಬಡ್ಡಿಗೆ ಬಡ್ಡಿ ಬೆಳೆದ ಹಾಗೆ

ಸಾಲದ ಲೆಕ್ಕ ಬಲ್ಲ ನಮಗೆ ಈ ಲೆಕ್ಕ ಕಷ್ಟವಲ್ಲ. ಒಬ್ಬರಿಂದ ಇಬ್ಬರಿಗೆ ರೋಗ ತಗಲಿತು, ಐದು ದಿನದಲ್ಲಿ ಆ ಇಬ್ಬರೂ ತಲಾ ಇಬ್ಬರಿಗೆ ಕೊಟ್ಟರು ಅಂದುಕೊಳ್ಳೋಣ. 2, 4, 8, 16, 32, 64! ಒಂದು ತಿಂಗಳಲ್ಲಿ 64 ಹೊಸ ರೋಗಿಗಳು. ಇನ್ನೂ ಇಪ್ಪತ್ತು ದಿನ ಬಿಟ್ಟರೆ 1,024. ಮೊದಲ ಎರಡು ವಾರ "ಏನೂ ಇಲ್ಲ ಬಿಡಿ" ಅನಿಸುತ್ತದೆ, ಆಮೇಲೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವುದಿಲ್ಲ.

ಇದೇ ಲೆಕ್ಕ ನಮ್ಮ ಪರವಾಗಿಯೂ ನಡೆಯುತ್ತದೆ. ಮೊದಲನೆಯವರು ಮನೆಯಲ್ಲೇ ಉಳಿದರೆ ಆ ಕೊಂಬೆ ಅಲ್ಲಿಗೇ ನಿಲ್ಲುತ್ತದೆ. ಬಹಳ ಜನರಿಗೆ ಲಸಿಕೆಯಿಂದಲೋ ಬಂದು ಹೋದ ಕಾಯಿಲೆಯಿಂದಲೋ ನಿರೋಧ ಶಕ್ತಿ ಬಂದಿದ್ದರೆ ವೈರಸ್‌ಗೆ ಹೊಸ ಮನೆ ಸಿಗುವುದು ಕಷ್ಟ. ಆದರೆ ವೈರಸ್ ರೂಪ ಬದಲಿಸುತ್ತದೆ, ಶಕ್ತಿಯೂ ಕಾಲ ಕಳೆದಂತೆ ಕುಗ್ಗುತ್ತದೆ. ಅದಕ್ಕೇ ಅಲೆಯ ಮೇಲೆ ಅಲೆ ಬರುವುದು.

ಇನ್ನೊಂದು ತೊಡಕಿದೆ. ಕೊರೊನಾದಲ್ಲಿ ಜ್ವರ, ಕೆಮ್ಮು ಕಾಣುವ ಒಂದೆರಡು ದಿನ ಮೊದಲೇ ರೋಗ ಬೇರೆಯವರಿಗೆ ತಗಲಬಹುದು. ಆದ್ದರಿಂದ ಕಾಯಿಲೆ ಹರಡುವ ಕಾಲದಲ್ಲಿ ಚೆನ್ನಾಗಿರುವವರೂ ಜನ ಸೇರುವ ಕಡೆ ಮಾಸ್ಕ್ ಹಾಕಬೇಕು.

ನಮ್ಮ ಸಂಘದ ದಂಡದ ನಿಯಮ

ಈಗ ನಮ್ಮ ವಿಷಯಕ್ಕೆ ಬರೋಣ. ಅನೇಕ ಸಂಘಗಳಲ್ಲಿ ಸಭೆಗೆ ಬರದಿದ್ದರೆ ದಂಡ ಉಂಟು. ಶಿಸ್ತಿಗೆ ಇದು ಬೇಕು. ಆದರೆ ಒಬ್ಬ ಸದಸ್ಯೆಗೆ ಮೈ ಬಿಸಿ, ಗಂಟಲು ನೋವು. ದಂಡ ಬೀಳುತ್ತದೆ, ಕಂತು ತಪ್ಪುತ್ತದೆ ಅಂತ ಹೆದರಿ ಅವಳು ಸಭೆಗೆ ಬರುತ್ತಾಳೆ. ಹದಿನೈದು ಜನ ಒಂದು ಸಣ್ಣ ಕೋಣೆಯಲ್ಲಿ ಒಂದು ಗಂಟೆ ಕೂರುತ್ತಾರೆ. ಹಣ ಉಳಿಯಿತು, ಕಾಯಿಲೆ ಹದಿನೈದು ಮನೆಯ ಬಾಗಿಲಿಗೆ ಹೋಯಿತು! ಆ ಮನೆಗಳಲ್ಲಿ ಅಜ್ಜಿ ಇರುತ್ತಾರೆ, ಬಸುರಿ ಇರುತ್ತಾಳೆ, ಸಕ್ಕರೆ ಕಾಯಿಲೆ, ದಮ್ಮು ಇರುವವರು ಇರುತ್ತಾರೆ. ಹೆಚ್ಚು ಅಪಾಯ ಅವರಿಗೇ.

ಹಾಗಾದರೆ ಏನು ಮಾಡೋದು?

* ಜ್ವರ, ಕೆಮ್ಮು ಇರುವ ಸದಸ್ಯೆಗೆ ದಂಡ ಇಲ್ಲ ಅಂತ ನಿರ್ಣಯ ಪುಸ್ತಕದಲ್ಲಿ ಬರೆದುಕೊಳ್ಳಿ. ಅವರ ಉಳಿತಾಯ, ಕಂತನ್ನು ಮನೆಯ ಬೇರೆಯವರು ಕಟ್ಟಲಿ, ಇಲ್ಲವೇ ಮುಂದಿನ ವಾರ ಕಟ್ಟಲಿ.
* ಸಭೆಯನ್ನು ಜಗಲಿಯಲ್ಲೋ ಮರದ ನೆರಳಲ್ಲೋ ಮಾಡಿ. ಒಳಗೆ ಕೂತರೆ ಕಿಟಕಿ, ಬಾಗಿಲು ತೆರೆದಿರಲಿ.
* ಕೆಮ್ಮುವಾಗ ಸೆರಗನ್ನೋ ಕರವಸ್ತ್ರವನ್ನೋ ಅಡ್ಡ ಹಿಡಿಯಿರಿ. ಸೋಪು ಹಾಕಿ ಕೈ ತೊಳೆಯಿರಿ.
* ಕೂಲಿ ಬಿಟ್ಟು ಮನೆಯಲ್ಲಿ ಮಲಗಿದವರಿಗೆ ಗಂಜಿ, ನೀರು, ಔಷಧಿ ಬಾಗಿಲಿಗೆ ತಲುಪಿಸಿ. ಅಗತ್ಯ ಬಿದ್ದರೆ ಸಂಘದಿಂದ ಸಣ್ಣ ತುರ್ತು ಸಾಲ ಕೊಡಿ. ಮನೆಯಲ್ಲಿರಿ ಅಂತ ಹೇಳುವುದು ಸುಲಭ, ಇರುವಂತೆ ಮಾಡುವುದು ಸಂಘದ ಕೆಲಸ.
* ವೈರಸ್ ಜ್ವರಕ್ಕೆ ಆಂಟಿಬಯಾಟಿಕ್ ಮಾತ್ರೆ ಕೆಲಸ ಮಾಡುವುದಿಲ್ಲ. ಅಂಗಡಿಯಿಂದ ನೀವೇ ತಂದು ನುಂಗಬೇಡಿ.
* ಉಸಿರಾಡಲು ಕಷ್ಟ, ಎದೆ ನೋವು, ತುಟಿ ನೀಲಿ ಆಗುವುದು, ಮಂಪರು, ಮಗು ಹಾಲು ಕುಡಿಯದಿರುವುದು: ಇವು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಜ್ವರ ಮೂರು ದಿನ ದಾಟಿದರೂ ತೋರಿಸಿ. ಆಶಾ ಕಾರ್ಯಕರ್ತೆಗೆ ತಿಳಿಸಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿಂದ ಯಾರು ಯಾರು, ಯಾವ ಊರಿಗೆ, ಎಷ್ಟು ದಿನಕ್ಕೊಮ್ಮೆ ಹೋಗಿ ಬರುತ್ತಾರೆ? ಕಾಯಿಲೆ ಬಂದರೆ ಯಾವ ದಾರಿಯಿಂದ ಬರಬಹುದು?
2. ಕಾಯಿಲೆ ಬಿದ್ದ ಸದಸ್ಯೆಗೆ ದಂಡ ಹಾಕುವ ನಿಯಮ ನಮ್ಮಲ್ಲಿ ಇದೆಯೇ? ಅದನ್ನು ಹೇಗೆ ಬದಲಿಸೋಣ?
3. ಒಂದು ಮನೆಯವರೆಲ್ಲ ಮಲಗಿದರೆ ಅವರ ದನಕರು, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?

ಕಾಯಿಲೆ ಬಂದ ಮೇಲೆ ಓಡಾಡುವುದಕ್ಕಿಂತ ಈಗಲೇ ಮಾತಾಡಿಕೊಳ್ಳುವುದು ಮೇಲು.